ಹಿಂದೆ ಬಂದ ಕಾಯಿ

"ಇದೆಂತ ಬಾಯಿ?"

ಚಕ್ಕುಲಿ ಡಬ್ಬದ ತಳದಲ್ಲಿ ಸಿಕ್ಕಿದ ಬಾಟಲಿಯನ್ನು ಕೈಯಲ್ಲಿ ಹಿಡಿದು ಮುದ್ದು ಕೇಳಿದಳು. ನೆರೆಮನೆಯ ಜಾನೆಟ್ ಬಾಯಿ ಬಾಟಲಿಯ ಕಡೆ ನೋಡಲೇ ಇಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಯಾವುದೋ ಹಬ್ಬ ಹುಡುಕುವವರ ಹಾಗೆ ನಿಂತು, "ಅದಾ? ಅದು ಮೀನಿನ ಉಪ್ಪಿನಕಾಯಿ. ರೂಬನಿಗೆ ಇಷ್ಟ ಅಲ್ವಾ?" ಎಂದರು.

ಮುದ್ದು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಮೀನಿಗೆ ಇಷ್ಟು ಕೊಬ್ಬು ಎಲ್ಲಿಂದ ಬಂತು? ನಾಲ್ಕು ಕಾಲಿನ ಮೀನಾ ಬಾಯಿ ಇದು?"

"ಶ್ಶ್! ಮೆಲ್ಲ ಹೇಳು ಮಾರಾಯ್ತಿ."

"ನಾನು ಮೆಲ್ಲ ಹೇಳಿದ್ರೆ ಅಲ್ಲಿಯ ಮೆಷಿನಿಗೆ ಕಾಣುದಿಲ್ವಾ? ಹಿಡಿದು ನಿಲ್ಸಿದ್ರೆ ನಿಲ್ಲುವವ ನಿಮ್ಮ ಮಗ, ನೀವಲ್ಲ."

ಹಂದಿ ಉಪ್ಪಿನಕಾಯಿಯ ಬಾಟಲಿ ಜಾನೆಟ್ ಬಾಯಿಯ ಚೀಲಕ್ಕೆ ಮರಳಿತು. ಮುದ್ದು ಚಕ್ಕುಲಿಗಳನ್ನು ಮತ್ತೆ ಡಬ್ಬಕ್ಕೆ ತುಂಬಿ, ಸುತ್ತ ಕಂದು ಟೇಪು ಎಳೆದಳು.

ಬೈಕಂಪಾಡಿಯ ಕಾರ್ಖಾನೆಗಳ ಹಿಂದೆ, ಗೂಡ್ಸ್ ರೈಲು ಹೋಗುವ ಹಳಿಯ ಪಕ್ಕದ ಆ ಓಣಿಯಲ್ಲಿ, ಗಲ್ಫಿಗೆ ಹೊರಟವರ ಪೆಟ್ಟಿಗೆಯನ್ನು ಮುದ್ದುವೇ ಕಟ್ಟಬೇಕು. ಕಟ್ಟಿಸಿಕೊಳ್ಳಲು ಸುರತ್ಕಲ್ಲಿನಿಂದಲೂ ಜನ ಬರುತ್ತಾರೆ. ಅವಳದು ಒಂದೇ ಕಟ್ಟಳೆ: ಕಟ್ಟು ಬಿಚ್ಚಿ ನೋಡದೆ ಯಾವುದನ್ನೂ ಪೆಟ್ಟಿಗೆಗೆ ಇಳಿಸುವುದಿಲ್ಲ. ಕಳಿಸುವವರು ಅತ್ತೆಯಾಗಲಿ, ಅರ್ಚಕರಾಗಲಿ, ಬಿಚ್ಚಲೇಬೇಕು.

ಅವಳು ವಿಮಾನ ಹತ್ತಿದವಳಲ್ಲ. ವಿಮಾನ ನಿಲ್ದಾಣದಿಂದ ಹಿಂದೆ ಬಂದ ವಸ್ತುಗಳೇ ಅವಳಿಗೆ ಎಲ್ಲವನ್ನೂ ಕಲಿಸಿದ್ದು. ಕೈಚೀಲದ ಉಪ್ಪಿನಕಾಯಿ ಹಿಂದೆ ಬಂದಾಗ, ಅದು ಪೆಟ್ಟಿಗೆಯಲ್ಲಿ ಹೋಗಬೇಕಾದದ್ದು ಎಂದು ಗೊತ್ತಾಯಿತು. ಪೆಟ್ಟಿಗೆಯಲ್ಲಿಟ್ಟ ಪವರ್ ಬ್ಯಾಂಕ್ ಹಿಂದೆ ಬಂದಾಗ, ಅದು ಕೈಚೀಲದಲ್ಲೇ ಇರಬೇಕೆಂದು ಗೊತ್ತಾಯಿತು. ಕತ್ತರಿ, ತರಕಾರಿ ಕತ್ತಿ ಪೆಟ್ಟಿಗೆಗೆ. ಲೈಟರ್ ಮನೆಯಲ್ಲೇ. ಗಸಗಸೆಯ ಹೆಸರನ್ನೂ ಎತ್ತಬಾರದು. ಇಲ್ಲಿ ಕೋಳಿ ಸಾರಿನ ಮಸಾಲೆಗೆ ಬೀಳುವ ಆ ಪುಟ್ಟ ಕಾಳು ಅಲ್ಲಿ ಮನುಷ್ಯನನ್ನು ಜೈಲಿಗೆ ಕಳಿಸೀತು. ಇಷ್ಟೆಲ್ಲ ಹೇಳಿ, ಕೊನೆಗೆ ಸ್ವಲ್ಪ ತಡೆದು, ಅವಳು ಇನ್ನೊಂದು ಮಾತು ಸೇರಿಸುತ್ತಿದ್ದಳು: "ಗೋಟುಕಾಯಿ ಬೇಡ. ಒಣಗಿದ ಕಾಯಿ ಎಣ್ಣೆ ಬಿಡ್ತದೆ, ಬೆಂಕಿ ಹಿಡೀತದಂತೆ. ಕೈಯಲ್ಲೂ ಇಲ್ಲ, ಪೆಟ್ಟಿಗೆಯಲ್ಲೂ ಇಲ್ಲ."

ಆ ಮಾತು ಹೇಳುವಾಗ ಅವಳು ಒಳಕೋಣೆಯ ಬಾಗಿಲಿಗೆ ಬೆನ್ನು ತಿರುಗಿಸಿ ಕೂತಿರುತ್ತಿದ್ದಳು.

*

ಸುರತ್ಕಲ್ಲಿನಾಚೆಯ ಒಂದು ಮನೆಯಲ್ಲಿ ಹುಟ್ಟಿದ ಮುದ್ದು ಲಂಗ ಉಡುವ ವಯಸ್ಸಿನಲ್ಲೇ ಮಡಿಲಿಗೆ ಬೀಡಿಯ ಮೊರ ಎಳೆದುಕೊಂಡವಳು. ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ ಸುರುಟಿ, ಬಾಯಿ ಮಡಚಿ ನೂಲು ಸುತ್ತುವ ಕೆಲಸದಲ್ಲಿ ಅವಳ ಬೆರಳು ಬೆಳೆಯಿತು. ನೋಣಯ್ಯನನ್ನು ಮದುವೆಯಾಗಿ ಬೈಕಂಪಾಡಿಗೆ ಬಂದಳು. ನೋಣಯ್ಯ ಅಲ್ಲಿಯ ಒಂದು ವರ್ಕ್‌ಶಾಪಿನಲ್ಲಿ ಅಲ್ಯೂಮಿನಿಯಂ ಕಿಟಕಿ ಮಾಡುತ್ತಿದ್ದವನು. ಅದೇ ಕೆಲಸಕ್ಕೆ ಶಾರ್ಜಾದಿಂದ ಕರೆ ಬಂದಾಗ ಅವನ ಮೊದಲ ಪೆಟ್ಟಿಗೆಯನ್ನು ಅವಳೇ ಕಟ್ಟಿದಳು, ಬೀಡಿ ಕಟ್ಟಿದ ಹಾಗೆ: ಹಗ್ಗವನ್ನು ಬಿಗಿಯಾಗಿ ಸುತ್ತಿ, ಗಂಟನ್ನು ಒಳಗೆ ಮಡಚಿ. ಅಲ್ಲಿ ಇಳಿದು ನೋಡಿದರೆ ಉಳಿದವರ ಪೆಟ್ಟಿಗೆಗಳೆಲ್ಲ ಬಾಯಿಬಿಟ್ಟು ಅಕ್ಕಿ ಚೆಲ್ಲಿದ್ದವು, ನೋಣಯ್ಯನದು ಮಾತ್ರ ಹೋದ ಹಾಗೆಯೇ ಇತ್ತು. ಅವನು ಆ ಪೆಟ್ಟಿಗೆಯ ಸುದ್ದಿಯನ್ನು ಊರಿನವರಿಗೆಲ್ಲ ಹೇಳಿದ. ಜನ ಹುಡುಕಿಕೊಂಡು ಬರತೊಡಗಿದರು.

ಈ ಊರವರ ವಿಮಾನ ನಿಲ್ದಾಣದ ಕ್ರಮವೇ ಬೇರೆ. ಹೊರಟವನನ್ನು ಒಳಗೆ ಕಳಿಸಿದ ಮೇಲೂ ಮನೆಯವರು ಹೊರಡುವುದಿಲ್ಲ. ಕೆಂಜಾರಿನ ಆ ಗುಡ್ಡದ ಮೇಲೆ, ಕಂಬಿಗಳ ಈಚೆ, ನೀರಿನ ಬಾಟಲಿ ಹಿಡಿದು ಕಾಯುತ್ತಾರೆ. ಒಳಗೆ ಏನಾದರೂ ಬೇಡವೆಂದರೆ ಅದನ್ನು ತಂದು ಕೊಡಲು ಹೊರಗೆ ಒಬ್ಬರು ಬೇಕಲ್ಲ? ಎಲ್ಲ ಮುಗಿದ ಮೇಲೆ ಒಳಗಿನಿಂದ ಫೋನು ಬರುತ್ತದೆ. ಒಂದೇ ಮಾತು: "ಬಿಟ್ಟರು." ಆ ಮಾತು ಕೇಳಿದ ಮೇಲೆಯೇ ಹೆಂಗಸರು ಕಣ್ಣೊರೆಸಿಕೊಂಡು ವ್ಯಾನು ಹತ್ತುವುದು.

ಕೊರೋನಾ ಬಂದ ವರ್ಷದ ಜನವರಿಯಲ್ಲಿ, ಅದು ಬರುತ್ತದೆಂದು ಇಲ್ಲಿ ಯಾರಿಗೂ ಗೊತ್ತಿಲ್ಲದ ಹೊತ್ತಿನಲ್ಲಿ, ನೋಣಯ್ಯ ರಜೆ ಮುಗಿಸಿ ಹೊರಟಿದ್ದ. ಕುಟುಂಬದ ದೈವದ ಪ್ರಸಾದವೆಂದು ಜುಟ್ಟು ಇರುವ ಒಂದು ತೆಂಗಿನಕಾಯಿ ಕೊಟ್ಟಿದ್ದರು. ಪೆಟ್ಟಿಗೆಯಲ್ಲಿಡಲು ಅವನು ಒಪ್ಪಲಿಲ್ಲ. "ದೈವದ್ದು ಅಲ್ವಾ, ಮಡಿಲಲ್ಲೇ ಇರ್ಲಿ" ಎಂದು ಕೈಚೀಲಕ್ಕೆ ಹಾಕಿಕೊಂಡ. ಟಿಕೆಟ್ ನೋಡುವ ಕಡೆಯಲ್ಲೇ ಅಲ್ಲಿಯವರು ಇಡೀ ಕಾಯಿ ಕೈಚೀಲದಲ್ಲಿ ಹೋಗುವುದಿಲ್ಲ ಎಂದರು. ಅವನು ಬಾಗಿಲಿನವರೆಗೆ ಓಡಿಬಂದು ಕಂಬಿಯ ಮೇಲಿಂದ ಕಾಯಿಯನ್ನು ಮುದ್ದುವಿನ ಕೈಗೆ ಕೊಟ್ಟ.

"ಜಾಗ್ರತೆ ಇಡು. ಮುಂದಿನ ಸಲ ಕೊಂಡೋಗ್ತೇನೆ."

ಅಷ್ಟು ಹೇಳಿ ಹೋದವನು ಗಡಿಬಿಡಿಯಲ್ಲಿ ಫೋನು ಮಾಡುವುದನ್ನು ಮರೆತ. ತಲೆಯ ಮೇಲೆ ವಿಮಾನ ಏರಿ ಹೋಗುವವರೆಗೂ ಮುದ್ದು ಅಲ್ಲೇ ನಿಂತಿದ್ದಳು. ಸಂಜೆ ಅಲ್ಲಿಂದ ಮಾತಾಡಿದ. ತಲುಪಿದೆ ಎಂದ, ಚಳಿ ಉಂಟು ಎಂದ. ಆದರೆ "ಬಿಟ್ಟರು" ಎಂಬ ಮಾತು ಅವನ ಬಾಯಿಂದ ಬರಲಿಲ್ಲ. ಆಗ ಅವಳಿಗೆ ಅದು ಹೊಳೆಯಲೂ ಇಲ್ಲ. ಹಿಂದೆ ಬರುವಾಗ, ಪಕ್ಕದ ಓಣಿಯ ಇರ್ವಿನನ ವ್ಯಾನು ಹಂಪು ದಾಟಿದಾಗಲೆಲ್ಲ ಮಡಿಲ ಕಾಯಿಯೊಳಗೆ ನೀರು ತುಳುಕಿದ್ದು ಮಾತ್ರ ನೆನಪು.

ಮೇ ತಿಂಗಳಲ್ಲಿ ನೋಣಯ್ಯ ಅಲ್ಲಿಯೇ ತೀರಿಕೊಂಡ. ಯಾರೂ ಒಳಗೆ ಹೋಗಬಾರದ ವಾರ್ಡು. ಕೊನೆಯ ವೀಡಿಯೊದಲ್ಲಿ ಮುಖದ ತುಂಬ ಮುಚ್ಚಿದ ಪ್ಲಾಸ್ಟಿಕ್ಕು. ಅದರೊಳಗೆ ಅವನೇನೋ ಹೇಳುತ್ತಿದ್ದ, ಅದು ಕೇಳಿಸಲಿಲ್ಲ. ವಿಮಾನಗಳು ಹಾರುತ್ತಿರಲಿಲ್ಲ. ಅಲ್ಲೇ ಸುಟ್ಟರು. ಜೊತೆಗಿದ್ದವನೊಬ್ಬ ಕಳಿಸಿದ ಚಿತ್ರದಲ್ಲಿ ಒಂದು ಬಿಳಿ ವ್ಯಾನಿನ ಹಿಂಬಾಗಿಲು ಮಾತ್ರ ಇತ್ತು.

*

ಸತ್ತವರು ಕುಲೆಯಾಗಿ, ನೆಲೆಯಿಲ್ಲದ ಪ್ರೇತವಾಗಿ, ಹೊರಗೇ ಉಳಿಯಬಾರದು. ಬೊಜ್ಜದ ಉತ್ತರಕ್ರಿಯೆ ಮುಗಿದ ಮೇಲೆ ಮನೆಯವರು ಹೊಸ್ತಿಲಲ್ಲಿ ನಿಂತು ಕರೆಯಬೇಕು, ಒಳಕೋಣೆಯಲ್ಲಿ ಹಿರಿಯರ ಸಾಲಿಗೆ ಮಣೆಯ ಮೇಲೆ ಕೂರಿಸಬೇಕು. ನೀರಿನಾಚೆ ಸತ್ತವರನ್ನು ಆಚೆ ದಡಕ್ಕೇ ಹೋಗಿ, ಕಾಯಿಯೊಂದಕ್ಕೆ ಕರೆದು, ಮಡಿಲಲ್ಲಿಟ್ಟು ತರುವುದು ನೋಣಯ್ಯನ ಕುಟುಂಬದ ಕ್ರಮ. ಅವನ ಸೋದರಮಾವನನ್ನು ಹಾಗೆಯೇ ಹೊಳೆ ದಾಟಿಸಿ ದೋಣಿಯಲ್ಲಿ ತಂದಿದ್ದರಂತೆ. ಆದರೆ ಇದು ಹೊಳೆಯಲ್ಲ, ಕಡಲು.

ಊರಿನ ಗುರಿಕಾರರು, ಕುಟುಂಬದ ಕ್ರಿಯೆಗಳನ್ನು ನಡೆಸಿಕೊಡುವ ಹಿರಿಯ ತ್ಯಾಂಪಣ್ಣ, ಯೋಚಿಸಿ ಒಂದು ದಾರಿ ಹೇಳಿದರು. "ಅವ ಕೊನೆಗೆ ಮುಟ್ಟಿ ಕೊಟ್ಟ ಕಾಯಿ ಉಂಟಲ್ಲ? ಅದಕ್ಕೇ ಕರೆಯುವ. ಇಲ್ಲಿಂದಲೇ."

ಕರೆಯುವವರು ಯಾರು? ಅಣ್ಣತಮ್ಮಂದಿರಿಲ್ಲ. ಹೆಂಡತಿ ಗಂಡನ ಹೆಸರು ಹೇಳುವ ಹಾಗಿಲ್ಲ. ಮಗಳು ತೃಷಾಗೆ ಹದಿನಾರು ವರ್ಷ. ಅವಳು ಮುಂದೆ ಬಂದಳು, ಹೆಣ್ಣುಮಕ್ಕಳು ಕರೆಯುವ ಕ್ರಮವಿಲ್ಲವೆಂದು ಹಿಂದೆ ಸರಿಸಿದರು. ಕೊನೆಗೆ ಗುರಿಕಾರರೇ ಅಂಗಳದಲ್ಲಿ ನಿಂತು, ಒಂದರ ಮೇಲೊಂದು ಹಾಕಿದ ಮಾಸ್ಕಿನೊಳಗಿನಿಂದ, "ನೋಣಯ್ಯಾ..." ಎಂದು ಕರೆದರು. ಹತ್ತಿಯಲ್ಲಿ ಸುತ್ತಿದ ಸ್ವರ. ಅದೇ ಹೊತ್ತಿಗೆ ಹಳಿಯ ಮೇಲೆ ಗೂಡ್ಸ್ ರೈಲು ಹೋಯಿತು. ತುಂಬ ಉದ್ದದ ರೈಲು. ರೈಲು ಮುಗಿಯುವಷ್ಟರಲ್ಲಿ ಕರೆದೂ ಆಗಿತ್ತು.

ಕಾಯಿಯನ್ನು ಮಣೆಯ ಮೇಲೆ ಇಟ್ಟರು. ಆದರೆ ಬಂದದ್ದು ಯಾರಿಗೆ ಗೊತ್ತು?

ವರ್ಷಕ್ಕೊಮ್ಮೆ ಆಟಿ ತಿಂಗಳಲ್ಲಿ ಹಿರಿಯರಿಗೆ ಬಡಿಸುತ್ತಾರೆ. ಎಲೆ ಹಾಕಿ, ಅವರಿಗಿಷ್ಟವಾದದ್ದನ್ನೆಲ್ಲ ಬಡಿಸಿ, ಒಳಕೋಣೆಯ ಬಾಗಿಲು ಎಳೆದುಕೊಂಡು ಮನೆಯವರು ಹೊರಗೆ ಕೂರುತ್ತಾರೆ. ಸತ್ತವರು ಉಣ್ಣುವುದನ್ನು ನೋಡಬಾರದು. ಸ್ವಲ್ಪ ಹೊತ್ತಿನ ಮೇಲೆ ಕೆಮ್ಮಿ, ಸದ್ದು ಮಾಡಿ, ಬಾಗಿಲು ತೆರೆಯುತ್ತಾರೆ. ಬೇರೆಯವರ ಮನೆಯಲ್ಲಿ ಎಲೆಯ ಅಂಚು ಮಡಚಿರುತ್ತದಂತೆ, ಲೋಟದ ನೀರು ಒಂದು ಬೆರಳು ಇಳಿದಿರುತ್ತದಂತೆ. ಮುದ್ದು ತೆರೆದಾಗ ಅನ್ನದ ಗುಪ್ಪೆ ಬಡಿಸಿದ ಹಾಗೆಯೇ ಇರುತ್ತಿತ್ತು. ಮರುವರ್ಷವೂ ಹಾಗೆಯೇ. ಅದರ ಮರುವರ್ಷವೂ.

ಆಗ, ಹೇಳದೆ ಉಳಿದ ಆ "ಬಿಟ್ಟರು" ಎಂಬ ಮಾತು ಅವಳನ್ನು ಹಿಡಿದುಕೊಂಡಿತು. ಮಧ್ಯಾಹ್ನ ಪೆಟ್ಟಿಗೆಗೆ ಟೇಪು ಎಳೆಯುವಾಗ, ಆ ಚರ್ರೆನ್ನುವ ಸದ್ದಿನ ನಡುವೆ, ಅವಳ ಕಣ್ಣೆದುರು ಒಂದು ಸಾಲು ಮೂಡುತ್ತಿತ್ತು. ಉದ್ದದ, ಬಿಳಿ ಬೆಳಕಿನ ಸಾಲು. ಅದು ಮುಂದೆ ಸರಿಯುವುದಿಲ್ಲ. ಅದರಲ್ಲಿ ನೀಲಿ ಅಂಗಿಯ ನೋಣಯ್ಯ ಬರಿಯ ಕೈಚೀಲ ಹಿಡಿದು ನಿಂತಿದ್ದಾನೆ. ಆಗಾಗ ಹಿಂದೆ ತಿರುಗಿ ನೋಡುತ್ತಾನೆ, ಯಾರೋ ಕರೆದರೇನೋ ಎಂಬ ಹಾಗೆ. ಅವನನ್ನು ಅತ್ತ ಬಿಡಲೂ ಇಲ್ಲ, ಇತ್ತ ಕಳಿಸಲೂ ಇಲ್ಲ.

ಕಾಯಿಯ ನೀರು ವರ್ಷಗಳಲ್ಲಿ ಇಂಗಿತು. ಒಂದು ದಿನ ಮಣೆ ಒರೆಸಲು ಅದನ್ನು ಎತ್ತಿದಾಗ ಒಳಗೆ ಕಟ್ಟೆಂದು ಬಡಿಯಿತು. ಒಣಗಿದ ಕೊಬ್ಬರಿ ಕರಟ ಬಿಟ್ಟಿತ್ತು, ಅಷ್ಟೆ. ಗೋಟುಕಾಯಿ ಹಾಗೆಯೇ ಸದ್ದು ಮಾಡುವುದು. ಆದರೆ ಮುದ್ದುವಿಗೆ ಅದು ಮುಚ್ಚಿದ ಬಾಗಿಲನ್ನು ಒಳಗಿನಿಂದ ಒಬ್ಬರು ಬೆರಳ ಗೆಣ್ಣಿನಲ್ಲಿ ತಟ್ಟಿದ ಹಾಗೆ ಕೇಳಿತು. ಆಮೇಲೆ ಅವಳು ಕಾಯಿಯನ್ನು ಅಲುಗಿಸಲಿಲ್ಲ. ಸುತ್ತಲೂ ಒರೆಸುತ್ತಿದ್ದಳು.

*

ತೃಷಾ ಫಾರ್ಮಸಿ ಡಿಪ್ಲೊಮಾ ಮಾಡಿದಳು. ಈ ವರ್ಷ ಅವಳಿಗೆ ಶಾರ್ಜಾದ ಒಂದು ಔಷಧಿ ಅಂಗಡಿಯಲ್ಲಿ ಕೆಲಸವಾಯಿತು. ಸುದ್ದಿ ಕೇಳಿದ ಕೂಡಲೇ ಮುದ್ದುವಿನ ಮನಸ್ಸಿಗೆ ಬಂದದ್ದು ಮಗಳು ದೂರವಾಗುತ್ತಾಳೆ ಎಂಬುದಲ್ಲ. ನಮ್ಮವರೊಬ್ಬರು ಕೊನೆಗೂ ಆ ದಡಕ್ಕೆ ಹೋಗುತ್ತಾರೆ ಎಂದು. ಕಾಯಿ ಆ ದಡಕ್ಕೆ ಹೋಗಲಿ, ಅಲ್ಲಿ ಮಗಳು ಅದಕ್ಕೆ ಅವರನ್ನು ಕರೆಯಲಿ, ರಜೆಯಲ್ಲಿ ಬರುವಾಗ ಮಡಿಲಲ್ಲಿ ಬರಲಿ. ಹಾಗೆ ಯೋಚಿಸಿದ್ದಕ್ಕೆ ನಾಚಿಕೆಯಾಯಿತು, ಆದರೆ ಯೋಚನೆ ಹೋಗಲಿಲ್ಲ.

ಗೋಟುಕಾಯಿ ಬಿಡುವುದಿಲ್ಲವೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಊರಿಗೆಲ್ಲ ಹೇಳಿದ ಬಾಯಿ ಅದು. ಹೊರಡುವ ಹಿಂದಿನ ದಿನ, ತೃಷಾ ಸ್ನೇಹಿತೆಯರನ್ನು ಕಂಡುಬರಲು ಹೋದಾಗ, ಅವಳು ಒಳಕೋಣೆಗೆ ಹೋಗಿ ಮಣೆಯ ಮುಂದೆ ಕೂತಳು. ಕಾಯಿಯನ್ನು ನೋಣಯ್ಯ ಮನೆಯಲ್ಲೇ ಬಿಟ್ಟುಹೋಗಿದ್ದ ನೀಲಿ ಅಂಗಿಯಲ್ಲಿ ಸುತ್ತಿದಳು, ತಟ್ಟುವ ಸದ್ದು ಬಾರದ ಹಾಗೆ ಬಿಗಿಯಾಗಿ, ಗಂಟನ್ನು ಒಳಗೆ ಮಡಚಿ. ಮಗಳಿಗೆಂದು ತಂದಿದ್ದ ಹೊಸ ಸ್ಟೀಲ್ ಕುಕ್ಕರಿನೊಳಗೆ ಇಳಿಸಿದಳು. ಉಕ್ಕಿನ ಗೋಡೆ ದಪ್ಪ. ಮೆಷಿನಿನ ಕಣ್ಣು ಅದನ್ನು ದಾಟದೆ ಇರಬಹುದು. ಬೇರೆ ಯಾರಾದರೂ ಹಾಗೆ ಹೇಳಿದ್ದರೆ ಅವಳೇ ನಗುತ್ತಿದ್ದಳು. ಮುಚ್ಚಳ ಹಾಕಿ, ವಿಷಲನ್ನು ಮಾತ್ರ ಬೇರೆಯಾಗಿ ಕಾಗದದಲ್ಲಿ ಸುತ್ತಿಟ್ಟಳು.

ಬೆಳಿಗ್ಗೆ ಚೀಲ ಎತ್ತಿದ ತೃಷಾ ಕೇಳಿದಳು, "ಕುಕ್ಕರ್ ಭಾರ ಉಂಟಲ್ಲ ಅಮ್ಮ? ಒಳಗೆಂತ?"

"ಹುರುಳಿ ಹಾಕಿದ್ದೇನೆ. ಜಾಗ ಯಾಕೆ ಹಾಳು?"

ಇರ್ವಿನನ ವ್ಯಾನು ಕೂಳೂರಿನಲ್ಲಿ ತಿರುಗಿ ಕಾವೂರು ದಾಟಿತು. ಇರ್ವಿನನ ಬಾಯಿ ಸುಮ್ಮನಿರುವುದಲ್ಲ. "ತೃಷಾ, ಅಲ್ಲಿ ಹೋಗಿ ದೊಡ್ಡ ಜನ ಆಗಿ ನಮ್ಮ ಗುರ್ತ ಮರೀಬೇಡ ಮಾರಾಯ್ತಿ. ನನ್ನ ಗಾಡಿಗೆ ಒಂದು ಸೆಂಟ್ ಬಾಟ್ಲಿ ಆದ್ರೂ ಕಳಿಸು. ಈಗ ಇದರಲ್ಲಿ ಮುದ್ದಕ್ಕನ ಒಣಮೀನಿನ ಪರಿಮಳ ಮಾತ್ರ." ಮರವೂರು ಸೇತುವೆ ಬಂದಾಗ ಮುದ್ದು ಕಣ್ಣುಮುಚ್ಚಿ ಏನೋ ಗೊಣಗಿದಳು. ನೀರು ದಾಟುವಾಗ ಜೊತೆಗಿರುವ ಸತ್ತವರಿಗೆ ಹೇಳಿ ದಾಟಬೇಕು. ಕನ್ನಡಿಯಲ್ಲಿ ನೋಡಿದ ಇರ್ವಿನ್, "ಏನು ಮುದ್ದಕ್ಕ, ನನ್ನ ಡ್ರೈವಿಂಗಿಗೆ ಹೆದರಿಕೆಯಾ?" ಎಂದ.

ತೃಷಾ ಒಳಗೆ ಹೋದಳು. ಕಂಬಿಯ ಈಚೆ ಮುದ್ದು, ಅವಳ ಹಾಗೆಯೇ ನಿಂತ ಇತರ ಅಮ್ಮಂದಿರು, ಅತ್ತೆಯಂದಿರು. ಒಬ್ಬೊಬ್ಬರ ಫೋನು ಮೊಳಗಿತು. "ಬಿಟ್ರಂತೆ, ಬಿಟ್ರಂತೆ" ಎನ್ನುತ್ತ ಅವರು ಹೊರಟರು. ಕೊನೆಗೆ ಮುದ್ದುವಿನದೂ ಮೊಳಗಿತು.

"ಅಮ್ಮ, ಗೇಟಿನ ಹತ್ತಿರ ಬಾ."

ಅಷ್ಟೇ. ಆ ಸ್ವರ ಕೇಳಿದ ಮೇಲೆ ಮತ್ತೇನೂ ಕೇಳಬೇಕಾಗಿರಲಿಲ್ಲ.

ಗಾಜಿನ ಬಾಗಿಲಿನ ಬಳಿ ತೃಷಾ ನಿಂತಿದ್ದಳು, ಮುಖ ಕೆಂಪಾಗಿತ್ತು. ನೀಲಿ ಗಂಟು ಅವಳ ಎದೆಗೊತ್ತಿತ್ತು. ಪಕ್ಕದಲ್ಲಿ ಬಂದೂಕಿನ ಯೋಧನೊಬ್ಬ ಕೈಗಡಿಯಾರ ನೋಡುತ್ತಿದ್ದ.

"ಎಂತ ಮಾಡಿದ್ದು ಅಮ್ಮ ನೀನು? ಬ್ಯಾಗ್ ತೆಗೆದ್ರು, ಕುಕ್ಕರ್ ತೆಗೆದ್ರು, ಎಲ್ಲರ ಎದುರು ಅಪ್ಪನ ಅಂಗಿ ಬಿಚ್ಚಿದ್ರು. 'ನಿಮ್ಮ ಬ್ಯಾಗ್ ನೀವೇ ಪ್ಯಾಕ್ ಮಾಡಿದ್ದಾ?' ಕೇಳಿದ್ರು. ನಾನೆಂತ ಹೇಳ್ಬೇಕು? ಊರಿಗೆಲ್ಲ ಬುದ್ಧಿ ಹೇಳುವ ನನ್ನ ಅಮ್ಮ ಮಾಡಿದ್ದು ಅಂತ ಹೇಳ್ಬೇಕಾ? ಇವತ್ತು ನನ್ನನ್ನು ಬಿಡದಿದ್ರೆ ಕೆಲಸ ಹೋಗ್ತಿತ್ತು."

"ನಿನ್ನನ್ನು ಬಿಡ್ತಾರಾ?"

"ಬಿಡ್ತಾರೆ. ಇದನ್ನು ಬಿಡುದಿಲ್ಲ. ಹುರುಳಿ ಅಂತ ಹೇಳಿದ್ದಿ ನೀನು."

ಮುದ್ದು ಕಂಬಿಯನ್ನು ಹಿಡಿದುಕೊಂಡಳು. "ಅಲ್ಲಿ ಹೋಗಿ ಕರೆದ್ರೆ ಮಾತ್ರ ಅವರು ಬರ್ತಾರೆ. ಇಷ್ಟು ವರ್ಷ ಬರ್ಲಿಲ್ಲ. ನಾನು ಬಡಿಸಿದ ಒಂದು ಅಗುಳನ್ನೂ ಅವರು ಮುಟ್ಲಿಲ್ಲ ಮಗ."

ತೃಷಾ ಗಂಟನ್ನು ನೋಡಿದಳು. ಅವಳ ತುಟಿ ಒಮ್ಮೆ ಅದುರಿತು, ಅಳುವಿಗೋ ನಗುವಿಗೋ. "ಅದಕ್ಕೆ ಅಪ್ಪನನ್ನು ಕುಕ್ಕರಿನಲ್ಲಿ ಹಾಕಿ ಕಳಿಸಿದ್ದಾ?"

"ಉಸಿರು ಕಟ್ಟಬಾರದು ಅಂತ ವಿಷಲ್ ತೆಗೆದೇ ಇಟ್ಟಿದ್ದೆ."

ಆಗ ಇಬ್ಬರೂ ನಕ್ಕರು; ನಗುತ್ತ ನಗುತ್ತ ತೃಷಾಳ ಕಣ್ಣು ತುಂಬಿತು. ಅವಳು ಗಂಟು ಬಿಚ್ಚಿದಳು. ಒಳಗೆ ಮಡಚಿದ ಗಂಟನ್ನು ಎಲ್ಲಿ ಎಳೆದರೆ ಬಿಚ್ಚುತ್ತದೆಂದು ಮನೆಯ ಮಗಳಿಗೆ ಗೊತ್ತಿರುತ್ತದೆ.

"ಆ ದಿನ ನಾನು ಕರೀಲಿಕ್ಕೆ ಬಂದದ್ದು ನೆನಪುಂಟಾ ಅಮ್ಮ? ಹಿಂದೆ ತಳ್ಳಿದ್ರಿ. ಆ ಗುರಿಕಾರರ ಸ್ವರ ಅಪ್ಪನಿಗೆ ಹೇಗೆ ಗುರ್ತ ಸಿಕ್ಕಬೇಕು? ನೋಣಯ್ಯ ಅಂತ ಕರೆಯುವವರು ಸಾವಿರ ಜನ. ಅಪ್ಪ ಅಂತ ಕರೆಯುವವಳು ನಾನು ಒಬ್ಬಳೇ."

ಇಷ್ಟು ವರ್ಷ ಒಂದೇ ಮನೆಯಲ್ಲಿ, ಒಂದೇ ಗೋಡೆಗೆ ಒರಗಿ, ಇಬ್ಬರೂ ಅದೇ ಯೋಚನೆಯನ್ನು ಬೇರೆಬೇರೆಯಾಗಿ ಕಾದುಕೊಂಡಿದ್ದರು.

"ನಾನು ಅಲ್ಲಿ ಹೋಗಿ ಕರೀತೇನೆ. ಅಪ್ಪ ಇದ್ದ ಜಾಗಕ್ಕೇ ಹೋಗಿ ಕರೀತೇನೆ. ಕಾಯಿ ಇಲ್ಲೇ ಇರ್ಲಿ, ಅಂಗಿ ನಾನು ಕೊಂಡೋಗ್ತೇನೆ. ಅಂಗಿ ಬೇಡ ಅಂತ ಯಾರೂ ಹೇಳುದಿಲ್ಲ."

ಯೋಧ ಹಿಂದಿಯಲ್ಲಿ ಅವಸರ ಮಾಡಿದ. ತೃಷಾ ಕಂಬಿಯ ಮೇಲಿಂದ ಕಾಯಿಯನ್ನು ಅಮ್ಮನ ಕೈಗೆ ಕೊಟ್ಟಳು. ಅದೇ ಕಂಬಿ, ಅದೇ ಕಾಯಿ. ಮಗಳು ಗಾಜಿನಾಚೆ ಕರಗಿ ಹೋಗುವುದನ್ನು ನೋಡುತ್ತ ಮುದ್ದು ಜೋರಾಗಿ ಕೂಗಿಬಿಟ್ಟಳು, "ಫೋನು ಮಾಡು! ಮರೀಬೇಡ!"

ಬಹಳ ಹೊತ್ತಿನ ಮೇಲೆ ಫೋನು ಬಂತು. "ಬಿಟ್ಟರು ಅಮ್ಮ."

"ನಡೀರಿ ಮುದ್ದಕ್ಕ, ಬಿಟ್ರಲ್ಲ ಇನ್ನು" ಎಂದು ಇರ್ವಿನ್ ಬಾಗಿಲು ತೆರೆದ.

"ಒಬ್ಬಳನ್ನು ಬಿಟ್ಟರು" ಎಂದಳು ಮುದ್ದು.

ಇಳಿಜಾರಿನ ಹಂಪುಗಳಲ್ಲಿ ಕಾಯಿ ಒಳಗಿನಿಂದ ತಟ್ಟುತ್ತಲೇ ಇತ್ತು. ಅದನ್ನು ಸುತ್ತಲು ಈಗ ಅಂಗಿಯೂ ಇರಲಿಲ್ಲ. ಇರ್ವಿನ್ ವ್ಯಾನು ನಿಧಾನಿಸಿ ಕಿವಿಗೊಟ್ಟ. "ಎಂತ ಶಬ್ದ ಅದು? ನನ್ನ ಗಾಡಿಯದ್ದಾ?"

"ಅಲ್ಲ. ನೀನು ಬಿಡು."

ಅವಳ ಮಡಿಲ ಕಾಯಿಯ ಕಡೆ ಅವನು ಕಣ್ಣು ಹಾಯಿಸಿದ. ಮತ್ತೆ ಬೈಕಂಪಾಡಿಯವರೆಗೆ ಇರ್ವಿನ್ ಒಂದು ಮಾತೂ ಆಡಲಿಲ್ಲ.

*

ಆಟಿ ಬಂತು. ಬಡಿಸುವ ದಿನ ನಿಶ್ಚಯವಾದಾಗ ಮುದ್ದು ತ್ಯಾಂಪಣ್ಣನ ಮನೆಗೆ ಹೋಗಿ, ಹೊಸ್ತಿಲಲ್ಲೇ ನಿಂತು ಕೇಳಿದಳು. ಮಗಳು ಅಲ್ಲಿಂದ ಕರೆದರೆ, ಫೋನಿನಲ್ಲಿ ಅದು ಇಲ್ಲಿಗೆ ಕೇಳಿದರೆ, ಆಗುತ್ತದಾ?

ಗುರಿಕಾರರು ಎಲೆಯಡಿಕೆಯನ್ನು ಆಚೆ ದವಡೆಗೆ ಸರಿಸಿ ಯೋಚಿಸಿದರು. "ನನಗೆ ಗೊತ್ತಿಲ್ಲ ಮುದ್ದು. ನಮ್ಮ ಹಿರಿಯರ ಹತ್ರ ಫೋನ್ ಇರ್ಲಿಲ್ಲ. ಇದ್ರೆ ಅವರೂ ಮಾಡ್ತಿದ್ರೋ ಏನೋ." ಅವಳು ಹಿಂದಿರುಗುವಾಗ ಅವರು ಮೆಲ್ಲಗೆ ಸೇರಿಸಿದರು, "ಆ ದಿನ ಮಗುವನ್ನು ಬಿಡ್ಬೇಕಿತ್ತು. ನನಗೂ ಕಾಣ್ತದೆ ಒಮ್ಮೊಮ್ಮೆ."

ಮುದ್ದು ಬೆಳಿಗ್ಗೆಯೇ ಮನೆ ಒರೆಸಿದಳು. ನೋಣಯ್ಯನಿಗಿಷ್ಟವಾದ ಕೋಳಿ ಸಾರು, ರೊಟ್ಟಿ, ಒಣಮೀನಿನ ಚಟ್ನಿ, ಪತ್ರೊಡೆ. ಮಸಾಲೆಗೆ ಗಸಗಸೆ ಹಾಕಿದಳು. ಅಲ್ಲಿ ಅವನಿಗೆ ಅದು ಸಿಕ್ಕಿರಲಿಕ್ಕಿಲ್ಲ. ಎದುರು ಬಾಗಿಲನ್ನು ಪೂರ್ತಿ ತೆರೆದು, ಹೊಸ್ತಿಲಲ್ಲಿ ಕಾಲು ತೊಳೆಯಲು ಚೊಂಬಿನಲ್ಲಿ ನೀರಿಟ್ಟಳು. ಫೋನನ್ನು ಒಳಕೋಣೆಯ ಮಣೆಯ ಮೇಲೆ, ಕಾಯಿಯ ಮಗ್ಗುಲಿಗೆ ಇಟ್ಟು ಸ್ಪೀಕರ್ ಒತ್ತಿದಳು.

"ಅಮ್ಮ, ಬಂದಿದ್ದೇನೆ" ಎಂದಿತು ತೃಷಾಳ ಸ್ವರ. "ಅಪ್ಪ ಇದ್ದ ಕ್ಯಾಂಪಿನ ಗೇಟಿನ ಎದುರು ನಿಂತಿದ್ದೇನೆ. ಲಾರಿ ತುಂಬಾ ಉಂಟು ಇಲ್ಲಿ. ನಮ್ಮ ನಂತೂರು ಸರ್ಕಲಿನ ಹಾಗೆಯೇ. ಕರೀಲಾ?"

"ಕರಿ."

ಸ್ವಲ್ಪ ಹೊತ್ತು ಅಲ್ಲಿಯ ಗಾಳಿಯ ಸದ್ದು ಮಾತ್ರ ಕೇಳಿತು. ಆಮೇಲೆ, ಆ ಬಿಸಿಲಿನಲ್ಲಿ, ಹೋಗುವ ಬರುವವರೆಲ್ಲರ ಎದುರು, ಅವಳ ಮಗಳು ಕರೆದಳು. ಮಾಸ್ಕಿಲ್ಲದ, ಮರೆಯಿಲ್ಲದ ಸ್ವರ.

"ಅಪ್ಪಾ, ಬಾ. ಮನೆಗೆ ಹೋಗುವ."

ಮತ್ತೊಮ್ಮೆ ಕರೆದಳು. ಮೂರನೆಯ ಸಲ ಸ್ವರ ಒಡೆಯಿತು, ಆದರೆ ಮಾತು ಪೂರ್ತಿಯಾಯಿತು. "ಅಮ್ಮ, ಅಂಗಿ..." ಎಂದು ಏನೋ ಹೇಳಹೊರಟಳು. ಗಾಳಿ ಅದನ್ನು ಎಳೆದುಕೊಂಡಿತು. ಕರೆ ಕಡಿಯಿತು.

ಮುದ್ದು ಫೋನನ್ನು ಎತ್ತಿಕೊಂಡು ಎಲೆ ಹಾಕಿದಳು. ಎಲ್ಲವನ್ನೂ ಬಡಿಸಿದಳು. ಲೋಟ ತುಂಬ ನೀರಿಟ್ಟು, ಹಿಂದೆ ನೋಡದೆ ಹೊರಗೆ ಬಂದು, ಬಾಗಿಲೆಳೆದುಕೊಂಡಳು. ಗೋಡೆಗೆ ಒರಗಿ ಕೂತಳು.

ಗೂಡ್ಸ್ ರೈಲೊಂದು ಬಂತು. ಎಂದಿನಂತೆ ಪಾತ್ರೆಗಳು ಮೆಲ್ಲಗೆ ನಡುಗಿದವು, ನೆಲ ಗುಂಯ್‌ಗುಟ್ಟಿತು. ಕೊನೆಯ ಡಬ್ಬಿಯೂ ಹೋಯಿತು. ಆ ಸದ್ದೆಲ್ಲ ಪೂರ್ತಿ ತೀರಿ, ಓಣಿಯಲ್ಲಿ ಕಾಗೆಯ ಸ್ವರವೂ ಇಲ್ಲದ ಒಂದು ಗಳಿಗೆಯಲ್ಲಿ, ಮುಚ್ಚಿದ ಬಾಗಿಲಿನ ಆಚೆ, ಒಮ್ಮೆ, ತಟ್ಟಿದ ಸದ್ದಾಯಿತು.

ಕಾಯಿಯನ್ನು ಯಾರೂ ಎತ್ತಿರಲಿಲ್ಲ.

ಇನ್ನು ಕೆಮ್ಮಬೇಕು. ಕೆಮ್ಮಿ, ಸದ್ದು ಮಾಡಿ, ಬಾಗಿಲು ತೆರೆಯಬೇಕು. ಅವಳು ಬಾಯಿ ತೆರೆದಳು; ಕೆಮ್ಮು ಬರಲಿಲ್ಲ. ಎಲೆ ಹಾಗೆಯೇ ಉಳಿದ ಆ ವರ್ಷಗಳಲ್ಲಿ ದುಃಖದ ಅಡಿಯಲ್ಲಿ ಒಂದು ಗುಟ್ಟಿನ ಸಮಾಧಾನವೂ ಇತ್ತೆಂದು ಅವಳಿಗೆ ಈಗ ತಿಳಿಯಿತು. ಬಾರದವರು ಎಲ್ಲೋ ಇದ್ದಾರೆ. ಸಾಲಿನಲ್ಲಿ ನಿಂತಾದರೂ ಇದ್ದಾರೆ. ಬಾಗಿಲು ತೆರೆದು, ಎಲೆಯ ಅಂಚು ಮಡಚಿದ್ದನ್ನು ಕಂಡರೆ, ಆ ಸಾಲು ಖಾಲಿಯಾಗುತ್ತದೆ. ಆಮೇಲೆ ನೋಣಯ್ಯ ಸತ್ತವನು.

ಹೊಸ್ತಿಲ ಚೊಂಬಿನ ನೀರಿನ ಮೇಲೆ ಬಿಸಿಲು ಕದಲಿತು. ಅಂಗಳದಲ್ಲಿ ಚಪ್ಪಲಿಯ ಸದ್ದು. ಜಾನೆಟ್ ಬಾಯಿ ಖಾಲಿ ಕಾರ್ಟನ್ ಒಂದನ್ನು ಕಂಕುಳಲ್ಲಿಟ್ಟುಕೊಂಡು ಬಂದಿದ್ದರು.

"ಮುದ್ದು, ಇದ್ದಿಯಾ? ಮಗಳು ಫಿಯೋನಾ ನಾಳಿದ್ದು ಕುವೈತಿಗೆ ಹೊರಟಿದ್ದಾಳೆ. ಈ ಸಲ ಎಂತ ಅಡಗಿಸಲಿಲ್ಲ, ದೇವರಾಣೆ. ಬೇಕಾದ್ರೆ ಬಿಚ್ಚಿ ನೋಡು."

ಮುದ್ದು ಏಳಲಿಲ್ಲ. ತುಟಿಯ ಮೇಲೆ ಬೆರಳಿಟ್ಟು, ನಿದ್ದೆ ಮಾಡುವವರಿರುವ ಮನೆಯಲ್ಲಿ ಮಾತಾಡುವಷ್ಟು ಮೆಲ್ಲಗೆ ಹೇಳಿದಳು.

"ಇವತ್ತು ಆಗುದಿಲ್ಲ ಬಾಯಿ. ನಾಳೆ ಬನ್ನಿ. ಅವರು ಊಟಕ್ಕೆ ಕೂತಿದ್ದಾರೆ."

ಜಾನೆಟ್ ಬಾಯಿ ಮುಚ್ಚಿದ ಬಾಗಿಲನ್ನು ನೋಡಿದರು, ಹೊಸ್ತಿಲ ಚೊಂಬನ್ನು ನೋಡಿದರು. ಕಾರ್ಟನನ್ನು ಸದ್ದಾಗದ ಹಾಗೆ ಜಗಲಿಯ ಮೂಲೆಗಿಟ್ಟು, ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಅಂಗಳ ದಾಟಿದರು.

ಮುದ್ದು ಅಲ್ಲೇ ಕೂತಳು. ಬಾಗಿಲಿಗೆ ತಲೆ ಆನಿಸಿ, "ಅವಸರ ಇಲ್ಲ. ನಿಧಾನ ಉಣ್ಣಿ" ಎಂದಳು.